ಪಂಚಮಿಯ ಗಿಲಾವು

ನನ್ನ ನೆಗೆಣ್ಣಿ, ಎಂದರೆ ಮೈದುನನ ಹೆಂಡತಿ, ನನಗೆ ಮಾಡಿದ್ದನ್ನು ಮೋಸ ಎಂದರೆ ಮನೆಯವರೆಲ್ಲ ನಗುತ್ತಾರೆ. ಒಂದು ಗೋಡೆಗೆ ಸಿಮೆಂಟು ಬಳಿಸಿದಳು, ಅಷ್ಟೇ ತಾನೆ ಎನ್ನುತ್ತಾರೆ. ನಗುವವರು ನಗಲಿ. ನನ್ನ ಮಟ್ಟಿಗೆ ಅದು ಮೋಸವೇ.

ನಾವಿರುವುದು ಹಾನಗಲ್ ತಾಲೂಕಿನ ಆಡೂರಿನಲ್ಲಿ. ಮನೆಯ ಮುಂಭಾಗ ಇಟ್ಟಿಗೆ, ಸಿಮೆಂಟು ಕಂಡು ಬಹಳ ವರ್ಷವಾಯಿತು. ಹಿತ್ತಲ ಗೋಡೆ ಮಾತ್ರ ಮಾವನವರ ಕಾಲದ ಮಣ್ಣಿನದು. ಮೇಲೆ ತಗಡಿನ ಚಪ್ಪರ ಇರುವುದರಿಂದ ಮಳೆ ತಾಗುವುದಿಲ್ಲ. ಪಕ್ಕದಲ್ಲಿ ಬಚ್ಚಲು, ಎದುರಿಗೆ ನಾನು ಹಾಕಿದ ಬದನೆ, ಟೊಮೆಟೊ ಗಿಡಗಳು. ಆ ಗೋಡೆಯಲ್ಲಿ ಪೆನ್ಸಿಲ್ ತೂರುವಂಥ ತೂತುಗಳು ಕಂಡಾಗ ಕಣಜ ಇರಬೇಕೆಂದು ಕಸಬರಿಗೆ ಎತ್ತಿದವಳೇ ನಾನು. ಎತ್ತಿದ ಕೈ ಹಾಗೆಯೇ ನಿಂತಿತು. ಕಣಜಕ್ಕೆ ಸೊಂಟ ಸಣ್ಣ, ಮೈ ನುಣುಪು. ಇದರ ಎದೆಯ ತುಂಬ ಕಂದು ತುಪ್ಪಳ, ಹಿಂಗಾಲಿಗೆ ಮೆತ್ತಿಕೊಂಡ ಹಳದಿ ಪರಾಗ, ಹೊಟ್ಟೆಯ ಮೇಲೆ ಸಾಲಾಗಿ ನೀಲಿ ಪಟ್ಟೆ. ಫೋಟೊ ತೆಗೆದು ಫೋನಿನಲ್ಲಿ ಹುಡುಕಿ ಹೋಲಿಸಿ ನೋಡಿದೆ. ಒಂಟಿ ಜೇನು! ಇವುಗಳಿಗೆ ರಾಣಿಯಿಲ್ಲ, ಹಿಂಡಿಲ್ಲ, ಕದಿಯಲು ತುಪ್ಪವೂ ಇಲ್ಲ. ಒಂದೊಂದು ಹೆಣ್ಣೂ ತನ್ನ ತೂತನ್ನು ತಾನೇ ಕೊರೆದು, ಒಳಗೆ ಪರಾಗದ ಮುದ್ದೆ ಕೂಡಿಸಿ, ಮೊಟ್ಟೆಯಿಟ್ಟು, ಮಣ್ಣಿನಿಂದ ಬಾಯಿ ಮುಚ್ಚುತ್ತದೆ. ಹಿಡಿದು ಹಿಸುಕಿದರೆ ಮಾತ್ರ ಕಡಿಯುತ್ತದೆ.

ಅತ್ತೆಯಿಲ್ಲ, ನೆಗೆಣ್ಣಿಯಿಲ್ಲ, ಎಂಥ ಸುಖದ ಸಂಸಾರ ನೋಡು ಎಂದು ನಾನು ಚೇಷ್ಟೆ ಮಾಡಿದ್ದಕ್ಕೆ ನನ್ನ ನೆಗೆಣ್ಣಿ ಬಿದ್ದು ಬಿದ್ದು ನಕ್ಕಿದ್ದಳು.

ಹೌದು, ಅವಳಿಗೆ ಎಲ್ಲವನ್ನೂ ಹೇಳಿಕೊಟ್ಟವಳು ನಾನೇ. ಸಂಜೆ ಪಾತ್ರೆ ತಿಕ್ಕಿದ ಮೇಲೆ ಇಬ್ಬರೂ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂರುತ್ತಿದ್ದೆವು. ಬದನೆ ಹೂವಿಗೆ ಜೋತುಬಿದ್ದು ಮೈ ನಡುಗಿಸಿ ಪರಾಗ ಉದುರಿಸಿಕೊಳ್ಳುವ ಹೆಣ್ಣುಗಳನ್ನು ತೋರಿಸಿದೆ. ಕತ್ತಲಾಗುವಾಗ ಗಂಡುಗಳು ಒಣ ಕಡ್ಡಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಸಾಲಾಗಿ ನಿದ್ದೆ ಹೋಗುವುದನ್ನು ತೋರಿಸಿದೆ.

"ಪಾಪ, ಗಂಡಸ್ರಿಗೆ ಮನಿ ಇಲ್ಲೇನ್ರಿ ಅಕ್ಕಾ?" ಎಂದಳು.

"ಹೊತ್ತು ಮುಣಗಿದ ಮ್ಯಾಲೆ ಹೆಣ್ಣೆಲ್ಲಾ ಗ್ವಾಡಿ ಒಳಗ ಇರ್ತಾವ. ಗಂಡಸ್ರು ಹೊರಗ," ಎಂದೆ.

ಪಂಚಮಿಗೆ ಮೊದಲು ಹಿತ್ತಲ ಮಣ್ಣಿನ ಗೋಡೆಯನ್ನು ಕೆಮ್ಮಣ್ಣು, ಸೆಗಣಿ ಕಲಸಿ ಸಾರಿಸುವುದು ನಮ್ಮಿಬ್ಬರ ಕೆಲಸ. ಜೇನು ಬಂದಂದಿನಿಂದ ತೂತುಗಳಿದ್ದ ಭಾಗವನ್ನು ಬಿಟ್ಟು ಸಾರಿಸುತ್ತಿದ್ದೆವು. ಇಬ್ಬರು ಸೊಸೆಯಂದಿರಿದ್ದೂ ಗೋಡೆ ಹೀಗಿದೆಯಲ್ಲ ಎಂದು ಓಣಿಯ ಹೆಂಗಸರು ಮೂಗು ಮುರಿದರೆ ಅವಳೇ ಮುಂದಾಗಿ, "ಅಲ್ಲಿ ನಮ್ಮ ಅಕ್ಕಾರ ಜೇನು ಅದಾವ್ರಿ, ಮುಟ್ಟಾಂಗಿಲ್ಲ," ಎನ್ನುತ್ತಿದ್ದಳು. ಆಗ ನನಗೆ ಎಷ್ಟು ಹೆಮ್ಮೆ! ಈ ಮನೆಯಲ್ಲಿ ನನ್ನದು ಅನ್ನುವಂಥ ಒಂದನ್ನು ಕಾಯಲು ನನ್ನ ಜೊತೆ ಇನ್ನೊಬ್ಬಳಿದ್ದಾಳೆ ಎಂದುಕೊಂಡಿದ್ದೆ.

ಹೋದ ವರ್ಷ ಅವಳ ಮಗಳು ಚೊಚ್ಚಲ ಬಸುರಿ. ಪಂಚಮಿ ಕಳೆದ ಮೇಲೆ ಹೆರಿಗೆಗೆ ಬರುವವಳಿದ್ದಳು. ಬಾಣಂತಿಗೆ, ಕೂಸಿಗೆ ಎರೆಯುವ ಕೆಲಸವೆಲ್ಲ ಆ ಬಚ್ಚಲಲ್ಲೇ. ಪಕ್ಕದ ಗೋಡೆಯ ಜೇನಿನ ಬಗ್ಗೆ ಅವಳು ನನ್ನ ಹತ್ತಿರ ಒಂದು ಮಾತೂ ಎತ್ತಲಿಲ್ಲ. ಎತ್ತಿದ್ದು ಬೇರೆಯದೇ ಮಾತು.

"ಅಕ್ಕಾ, ಈ ಸಲ ಪಂಚಮಿಗೆ ತವರಮನಿಗೆ ಹೋಗಿ ಬರ್ರಿ. ನೀವು ಹೋಗಿ ಎಷ್ಟ ವರ್ಷಾತು! ಮನಿ ನಾ ನೋಡ್ಕೋತೇನಿ."

ನನ್ನ ಅವ್ವ ತೀರಿಕೊಂಡ ಮೇಲೆ ಪಂಚಮಿಗೆ ಹೋಗು ಎಂದು ನನಗೆ ಯಾರೂ ಹೇಳಿರಲಿಲ್ಲ. ಗಂಡನಿಗೂ ಹೊಳೆಯದ್ದು ಇವಳಿಗೆ ಹೊಳೆಯಿತಲ್ಲ ಎಂದು ಕಣ್ಣಲ್ಲಿ ನೀರು ಬಂತು. ಹುಚ್ಚಿ ನಾನು. ಹಿರೇಕೆರೂರಿಗೆ ಹೋಗಿ, ಅಲ್ಲಿ ಬಸ್ಸು ಬದಲಿಸಿ ಅಬಲೂರು ಸೇರುವವರೆಗೂ ಅವಳನ್ನು ಮನಸ್ಸಿನಲ್ಲೇ ಹೊಗಳಿದೆ.

ಅಬಲೂರಿನಲ್ಲಿ ತಮ್ಮ ಬೇವಿನ ಮರಕ್ಕೆ ಜೋಕಾಲಿ ಕಟ್ಟಿದ್ದ. ಈ ವಯಸ್ಸಿನಲ್ಲಿ ಸೀರೆ ಎತ್ತಿ ಕಟ್ಟಿ ಜೀಕಿದೆ. ತಮ್ಮನ ಹೆಂಡತಿಯ ಜೊತೆ ಹುತ್ತಕ್ಕೆ ಹೋಗಿ ಹಾಲೆರೆದು ಬಂದೆ. ನೆಲದೊಳಗಿನ ಜೀವಕ್ಕೆ ನೋವಾಗಬಾರದೆಂದು ಆ ದಿನ ನಮ್ಮ ಕಡೆ ಯಾರೂ ನೇಗಿಲು ಹೂಡುವುದಿಲ್ಲ, ಗುದ್ದಲಿ ಮುಟ್ಟುವುದಿಲ್ಲ. ನೆಗೆಣ್ಣಿಗೆ ಎಳ್ಳಿನ ಉಂಡಿ ಎಂದರೆ ಪ್ರಾಣ. ಅವಳಿಗೆಂದೇ ಒಂದು ಡಬ್ಬಿ ತುಂಬಿಸಿಕೊಂಡು ಹೊರಟೆ.

ಆಡೂರಿಗೆ ಬಂದವಳು ಕಾಲು ತೊಳೆಯಲು ಹಿತ್ತಲಿಗೆ ಹೋದೆ. ಗೋಡೆ ಬೂದು ಬಣ್ಣಕ್ಕೆ ತಿರುಗಿ ನುಣ್ಣಗೆ ನಿಂತಿತ್ತು. ಒಂದು ತೂತಿಲ್ಲ. ಅದರ ಎದುರು ಗಂಡು ಜೇನುಗಳು ಹಾರುತ್ತಿದ್ದವು. ಸಿಮೆಂಟಿನ ಹತ್ತಿರ ಬರುತ್ತಿದ್ದವು, ಹಿಂದೆ ಸರಿಯುತ್ತಿದ್ದವು, ಮತ್ತೆ ಬರುತ್ತಿದ್ದವು. ಉಂಡಿಯ ಡಬ್ಬಿ ಇನ್ನೂ ನನ್ನ ಕೈಯಲ್ಲೇ ಇತ್ತು.

"ಇದನ್ಯಾರು ಮಾಡಿದ್ರು?"

ನೆಗೆಣ್ಣಿ ಬಟ್ಟೆ ಹಿಂಡುತ್ತಿದ್ದಳು. ತಿರುಗಿ ನೋಡದೆ ಹೇಳಿದಳು: "ಗೌಂಡಿನ ಕರೆಸಿ ಸಿಮೆಂಟಿನ ಗಿಲಾವು ಮಾಡಿಸಿದ್ನಿರಿ ಅಕ್ಕಾ. ಕೂಸು ಬರೋ ಮನಿ. ಕಡದ್ರ ಏನ್ ಮಾಡೂದು?"

"ಅವು ಕಡಿಯಾಂಗಿಲ್ಲಂತ ನಿನಗ ಗೊತ್ತಿಲ್ಲೇನು? ನನ್ನ ಒಂದು ಮಾತು ಕೇಳಬೇಕಿಲ್ಲೋ? ಬಚ್ಚಲಕ್ಕ ನಾನ ಪರದೆ ಕಟ್ಟಿಕೊಡ್ತಿದ್ದೆ."

"ಕೇಳಿದ್ರ ನೀವು ಬ್ಯಾಡ ಅಂತಿದ್ರಿ."

"ಅದಕ್ಕ ನನ್ನ ತವರಿಗೆ ಕಳಿಸಿದಿ?"

ಬಟ್ಟೆ ಹಿಂಡುತ್ತಿದ್ದ ಅವಳ ಕೈ ನಿಂತಿತು. ಆಮೇಲೆ ನನ್ನನ್ನು ಸಮಾಧಾನ ಮಾಡಲಿಕ್ಕೆಂಬಂತೆ, "ಗೌಂಡಿಗೂ ಏನೂ ಆಗ್ಲಿಲ್ರಿ," ಎಂದಳು. "ಹೊತ್ತು ಮುಣಗಿದ ಮ್ಯಾಲೆ ಬಾ ಅಂದಿದ್ದೆ, ಬಲ್ಬ್ ಹಚ್ಚಿ ಕೊಟ್ಟೆ. ಆವಾಗ ಎಲ್ಲಾ ಒಳಗ ಇರ್ತಾವಂತ ನೀವ ಹೇಳಿದ್ರಲ್ಲ."

ಅಲ್ಲಿಯವರೆಗೆ ನನಗೆ ಸಿಟ್ಟು ಮಾತ್ರ ಇತ್ತು. ಆ ಮಾತು ಕೇಳಿದ ಮೇಲೆ ಡಬ್ಬಿಯನ್ನು ಕಲ್ಲಿನ ಮೇಲಿಟ್ಟು ಗೋಡೆಗೆ ಅಂಗೈ ಒತ್ತಿ ನಿಂತೆ. ಜೇನಿನ ಗಂಧಗಾಳಿ ಇಲ್ಲದ ಯಾರೋ ಹಾಡಹಗಲಲ್ಲಿ ಸಿಮೆಂಟು ಬಳಿದಿದ್ದರೆ ಹೂವಿಗೆ ಹೋದ ಹೆಣ್ಣುಗಳಾದರೂ ಉಳಿದು ಇನ್ನೊಂದು ಗೋಡೆ ಹುಡುಕಿಕೊಳ್ಳುತ್ತಿದ್ದವು. ಇವಳಿಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದಕ್ಕೇ ಒಂದೂ ಉಳಿಯಲಿಲ್ಲ. ಕಳೆ ತೆಗೆಯುವ ಕುರ್ಪಿ ತಂದು ಗೋಡೆ ಕೆರೆದೆ. ಸಿಮೆಂಟು ಆಗಲೇ ಬಿಗಿದಿತ್ತು, ನನ್ನ ಉಗುರು ಕಿತ್ತು ಬಂತು. "ಹುಳಕ್ಕ ಇಷ್ಟ್ಯಾಕ ರಂಪ ಮಾಡ್ತಿ? ನಾಳೆ ಬಸುರಿ ಬರಾಕಿ ಅದಾಳ," ಎಂದು ಗಂಡ ನನ್ನ ಕೈಯಿಂದ ಕುರ್ಪಿ ಕಸಿದುಕೊಂಡ. ಅಂದು ರಾತ್ರಿ ಊಟಕ್ಕೆ ಎಲ್ಲರಿಗೂ ಬಡಿಸಿದವಳು ನಾನೇ. ಉಂಡಿಯನ್ನೂ ಬಡಿಸಿದೆ. ಅವಳು ತಿಂದಳು.

ಹೆಣ್ಣು ಕೂಸು ಹುಟ್ಟಿತು. ಕಾಲ ಮೇಲೆ ಹಾಕಿಕೊಂಡು ಎಣ್ಣೆ ತಿಕ್ಕಿ ಎರೆದವಳು ನಾನು. ಆ ಕೂಸಿನ ಮೇಲೆ ನನಗೆ ಯಾವ ಸಿಟ್ಟೂ ಇಲ್ಲ. ನೆಗೆಣ್ಣಿಯ ಜೊತೆ ಮಾತು ಬಿಟ್ಟಿಲ್ಲ, ಒಲೆ ಬೇರೆ ಮಾಡಿಲ್ಲ. ಸಾರಿಗೆ ಉಪ್ಪು ಹಾಕಿದಿಯಾ ಎಂದು ಕೇಳುತ್ತೇನೆ, ಹಾಕೇನ್ರಿ ಎನ್ನುತ್ತಾಳೆ. ಸಂಜೆ ಕಲ್ಲಿನ ಮೇಲೆ ಜೊತೆಗೆ ಕೂರುವುದು ಮಾತ್ರ ನಿಂತಿದೆ.

ಈ ಶ್ರಾವಣದಲ್ಲಿ ಬದನೆ ಗಿಡದ ಬುಡಕ್ಕೆ ಮಣ್ಣು ಏರಿಸುವಾಗ ಬದುವಿನ ಓರೆಯಲ್ಲಿ ಹೊಸ ತೂತೊಂದು ಕಂಡಿತು. ಉಸಿರು ಬಿಗಿಹಿಡಿದು ಕುಳಿತೆ. ಸ್ವಲ್ಪ ಹೊತ್ತಿಗೆ ನೀಲಿ ಪಟ್ಟೆಯದೊಂದು ಹೆಣ್ಣು ಬಂದು ಒಳಗೆ ನುಗ್ಗಿತು. ನೆಗೆಣ್ಣಿ, ತಾಯಿಯ ಜೊತೆ ಪಂಚಮಿಗೆ ಬಂದಿದ್ದ ಕೂಸನ್ನು ಕಂಕುಳಲ್ಲಿ ಎತ್ತಿಕೊಂಡು ಬಂದವಳು ನನ್ನ ಹಿಂದೆಯೇ ನಿಂತಳು.

"ಏನ್ ನೋಡಾಕತ್ತೀರಿ ಅಕ್ಕಾ? ನನಗೂ ತೋರಸ್ರಿ."

ಅವಳ ದನಿಯಲ್ಲಿ ಮೊದಲಿನ ಅಕ್ಕರೆಯೇ ಇತ್ತು.

"ಏನಿಲ್ಲ. ಸೊಂಟ ಹಿಡಕೊಂಡೈತಿ, ಕುಂತೇನಿ," ಎಂದೆ.

ಅವಳು ಕೂಡಲೇ ಹೋಗಲಿಲ್ಲ. ನಾನು ಸೀರೆಯ ನೆರಿಗೆಯನ್ನು ತೂತಿಗೆ ಮರೆಯಾಗುವಂತೆ ಹರವಿಕೊಂಡು, ಅವಳು ಒಳಗೆ ಹೋಗುವವರೆಗೂ ಅಲ್ಲಿಂದ ಏಳಲಿಲ್ಲ.