ನುಂಗಲಾರದ ತುತ್ತು

ಒಗುಲ್‌ಗೆರೆಕ್‌ಳ ತಾಯಿ ಸತ್ತದ್ದು ಹಸಿವಿನಿಂದ. ಮನೆಯಲ್ಲಿ ರೊಟ್ಟಿಗೆ ಬರವಿರಲಿಲ್ಲ. ಅನ್ನನಾಳದಲ್ಲಿ ಗಡ್ಡೆ ಬೆಳೆದು ಕೊನೆಗೆ ಒಂದು ಗುಟುಕು ನೀರೂ ಇಳಿಯದಂತಾಗಿತ್ತು. ಗೊನ್ಬದ್ ಪಟ್ಟಣದ ಸುತ್ತಲಿನ ತುರ್ಕಮೆನ್ ಹಳ್ಳಿಗಳಲ್ಲಿ ಆ ಕಾಯಿಲೆಗೆ ಯಾರೂ ಬೆರಗಾಗುತ್ತಿರಲಿಲ್ಲ. "ಗಂಟಲು ಕಟ್ತು" ಅನ್ನುತ್ತಿದ್ದರು, ಅಷ್ಟೆ.

ಆಗ ಒಗುಲ್‌ಗೆರೆಕ್‌ಗೆ ಹತ್ತೊಂಬತ್ತು. ಮರುವರ್ಷವೇ ಆರೋಗ್ಯ ಕಾರ್ಯಕರ್ತೆಯ ತರಬೇತಿ ಮುಗಿಸಿ ಊರಿನ ಆರೋಗ್ಯ ಕೇಂದ್ರ ಸೇರಿದಳು. ಇಪ್ಪತ್ತಾರು ವರ್ಷ ಮನೆಮನೆ ಅಲೆದು ಹೇಳಿದ್ದನ್ನೇ ಹೇಳಿದಳು. ಸುಡುಸುಡು ಚಹಾ ಗಂಟಲಿಗೆ ಸುರಿದುಕೊಳ್ಳಬೇಡಿ, ಆರಲಿ. ಬರೀ ರೊಟ್ಟಿ ತಿಂದು ದಿನ ನೂಕಬೇಡಿ, ಸೊಪ್ಪು ಹಣ್ಣು ತಿನ್ನಿ. ಅಫೀಮು ಮುಟ್ಟಬೇಡಿ.

"ಆರಿದ ಚಹಾನ ನಿನ್ನ ಗಂಡನ ಕುದುರೆಗೆ ಕುಡಿಸು, ಹೋಗೆ," ಎಂದು ಪಕ್ಕದ ಮನೆಯ ಬೀಬಿಸೊಲ್ತಾನ್ ನಗುತ್ತಿದ್ದಳು. ಆದರೂ ಒಗುಲ್‌ಗೆರೆಕ್ ಬಿಡಲಿಲ್ಲ. ಎದುರಿಗೆ ಕೂತು, ಚಹಾ ಆರುವವರೆಗೂ ಹರಟೆ ಹೊಡೆದು ಹೊತ್ತು ಕಳೆಯುತ್ತಿದ್ದಳು. ಹಾಗೆ ಏಳೆಂಟು ವರ್ಷಕ್ಕೆ ಬೀಬಿಸೊಲ್ತಾನ್ ಸೋತಳು, ಅವಳ ಹಿಂದೆಯೇ ಅರ್ಧ ಬೀದಿ.

ನಲವತ್ತಾರರಲ್ಲಿ ಒಂದು ಮಧ್ಯಾಹ್ನ ರೊಟ್ಟಿಯ ತುಣುಕು ಎದೆಯ ನಡುವೆ ನಿಂತಿತು. ಮರುದಿನವೂ ನಿಂತಿತು. ನುಂಗಲು ತೊಂದರೆಯಾದ ದಿನವೇ ಬನ್ನಿ ಎಂದು ಊರಿಗೆಲ್ಲ ಹೇಳಿದವಳು ಎರಡು ತಿಂಗಳು ಬಾಯಿ ಬಿಡಲಿಲ್ಲ. ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ, ಯಾರೂ ನೋಡದಾಗ ತಿಂದಳು. ಕೊನೆಗೆ ಅವಳ ಅಂಗಿ ಹೆಗಲ ಮೇಲೆ ಜೋತಾಡುವುದನ್ನು ಗಮನಿಸಿ ಗಂಡ ತುವಾಕ್ ಗೊನ್ಬದ್‌ನ ಆಸ್ಪತ್ರೆಗೆ ಕರೆದೊಯ್ದ.

ಆಗಲೇ ಗಡ್ಡೆ ಪಿತ್ತಜನಕಾಂಗಕ್ಕೂ ಹರಡಿತ್ತು.

"ಇವಳು ಬಿಸಿ ಚಹಾ ಮುಟ್ಟಿದವಳಲ್ಲ ಡಾಕ್ಟ್ರೇ. ಸೊಪ್ಪಿಲ್ದೆ ಉಂಡವಳಲ್ಲ," ಎಂದ ತುವಾಕ್, ಯಾರೋ ಲೆಕ್ಕ ತಪ್ಪಿದ್ದಾರೆ ಅನ್ನುವ ಹಾಗೆ.

"ಅದರಿಂದ ಅಪಾಯ ಕಮ್ಮಿ ಆಗ್ಬಹುದಪ್ಪ, ಇಲ್ದಂಗೆ ಆಗಲ್ಲ. ತಾಯಿಗೂ ಇತ್ತು ಅಂತೀರಿ. ಚಿಕ್ಕವರಿದ್ದಾಗ ಏನು ಕುಡಿದ್ರು, ಏನು ತಿಂದ್ರು, ಯಾರಿಗೆ ಗೊತ್ತು?"

ಅವಳಿಗೆ ಗೊತ್ತಿತ್ತು. ಹತ್ತೊಂಬತ್ತು ವರ್ಷ ಅಮ್ಮನ ಪಕ್ಕದಲ್ಲಿ ಕೂತು, ಅಮ್ಮನಷ್ಟೇ ಬಿಸಿ ಕುಡಿದಿದ್ದಳು. ಚಳಿಗಾಲವೆಲ್ಲ ಹಸಿರಿನ ಮುಖ ಕಂಡಿರಲಿಲ್ಲ. ಅದೇ ಕಾರಣವೆಂದು ಯಾರೂ ಹೇಳಲಾರರು, ಅಲ್ಲವೆಂದೂ ಹೇಳಲಾರರು.

ಅವಳು ಹಾಸಿಗೆ ಹಿಡಿದ ಮೇಲೆ ಬೀಬಿಸೊಲ್ತಾನ್ ನೋಡಲು ಬಂದಳು. ನಾದಿನಿ ಚಹಾ ಇಟ್ಟಳು. ಬೀಬಿಸೊಲ್ತಾನ್ ಬಟ್ಟಲಿಗೆ ಬಗ್ಗಿಸಿಕೊಂಡು, ಹೊಗೆಯಾಡುತ್ತಿದ್ದಂತೆಯೇ ತುಟಿಗಿಟ್ಟಳು.

"ಆರ್ಲಿ," ಎಂದಳು ಒಗುಲ್‌ಗೆರೆಕ್. ಪಿಸುಮಾತಿಗಿಂತ ದೊಡ್ಡ ದನಿ ಉಳಿದಿರಲಿಲ್ಲ.

"ಯಾಕೆ ಆರ್ಬೇಕೇ?" ಬೀಬಿಸೊಲ್ತಾನ್‌ಳ ಕಣ್ಣಲ್ಲಿ ನೀರು. "ಇಪ್ಪತ್ತಾರು ವರ್ಷ ನೀನು ಆರಿಸ್ಕೊಂಡೇ ಕುಡ್ದೆಯಲ್ಲ, ಏನ್ ಬಂತು ಹೇಳು?"

ನನ್ನೊಬ್ಬಳನ್ನು ನೋಡಿ ಊರಿನ ಲೆಕ್ಕ ಹಾಕಬೇಡ ಎನ್ನಬೇಕಿತ್ತು. ಅಷ್ಟು ಮಾತಿಗೆ ಉಸಿರಿರಲಿಲ್ಲ. ಬಟ್ಟಲು ತಡೆಯಲು ಕೈ ಚಾಚಿದಳು. ಬೀಬಿಸೊಲ್ತಾನ್ ಆ ಕೈಯನ್ನು ಪ್ರೀತಿಯಿಂದ ಹಿಡಿದುಕೊಂಡು, ಇನ್ನೊಂದು ಕೈಯಲ್ಲಿ ಚಹಾ ಮುಗಿಸಿದಳು.

ಮೂರು ವಾರಕ್ಕೆ ಒಗುಲ್‌ಗೆರೆಕ್ ತೀರಿಕೊಂಡಳು. ವಸಂತದಲ್ಲಿ ಕೇಂದ್ರಕ್ಕೆ ಹೊಸ ಹುಡುಗಿ ಬಂದಳು. ಮೊದಲ ಮನೆಯಲ್ಲೇ, ಅವಳು ಚಹಾದ ಮಾತು ಎತ್ತುವಷ್ಟರಲ್ಲಿ ಮನೆಯಾಕೆ ತಡೆದಳು: "ನಿನಗಿಂತ ಮುಂಚೆ ಇದ್ದವಳು ಏನಾದ್ಲು ಅಂತ ಯಾರೂ ಹೇಳ್ಲಿಲ್ವೇನಮ್ಮ?"