ಕತ್ತರಿ ತಾಗದ ಬಟ್ಟೆ

ಊರಿಗೊಂದು ಮೂಗು ಅಂತ ಇದ್ದರೆ, ನಮ್ಮ ಊರಿನ ಮೂಗು ನನ್ನ ಚಿಕ್ಕಮ್ಮನ ಮುಖದಲ್ಲಿತ್ತು. ಬೀದಿಯ ಆ ತುದಿಯಲ್ಲಿ ಯಾರದೋ ಮನೆಯ ಹಾಲು ಉಕ್ಕಿ ಸೀದರೆ, ಈ ತುದಿಯಲ್ಲಿ ಅವಳು ‘ಥೂ’ ಅನ್ನುತ್ತಿದ್ದಳು. ಬಸ್ಸಿನ ಕಂಬಿ ಹಿಡಿದರೆ ಥೂ. ಮುಂದಿನ ಸೀಟಿನವರ ತಲೆಯ ಎಣ್ಣೆಗೆ ಥೂ. ನೆಂಟರು ಮಲಗಿ ಎದ್ದು ಹೋದ ದಿಂಬಿಗಂತೂ ಎರಡು ಸಲ ಥೂ. ಮಕ್ಕಳೆಲ್ಲ ಅವಳಿಗೆ ‘ಥೂ ಚಿಕ್ಕಮ್ಮ’ ಎಂದೇ ಹೆಸರಿಟ್ಟಿದ್ದೆವು. ಎದುರಿಗೆ ಕರೆಯುವ ಧೈರ್ಯ ಯಾರಿಗೂ ಇರಲಿಲ್ಲ ಅನ್ನಿ.

ಇಂಥವಳಿಗೆ ಸಿಕ್ಕ ಕೆಲಸ ನೋಡಿ: ಆಲ್ಟರೇಶನ್ ಅಂಗಡಿ. ಬೊಜ್ಜು ಬಂದವರ ಪ್ಯಾಂಟಿನ ಸೊಂಟ ಬಿಡಿಸುವುದು, ಸೊರಗಿದವರ ಅಂಗಿ ಹಿಡಿಸುವುದು, ಹೋದ ಜಿಪ್ಪು ಕಿತ್ತು ಹೊಸದು ಹಾಕುವುದು. ಹೊಸ ಬಟ್ಟೆ ಹೊಲಿಯುವವರಿಗೆ ಥಾನಿನ ವಾಸನೆ, ಹಳೆ ಬಟ್ಟೆ ಬಿಚ್ಚುವವರಿಗೆ ಮನುಷ್ಯರ ವಾಸನೆ. ‘ಒಗೆದು ತನ್ನಿ’ ಎಂದು ಗೋಡೆಯ ಮೇಲೆ ದಪ್ಪಕ್ಷರದಲ್ಲಿ ಬರೆದಿತ್ತು. ಗಿರಾಕಿಗಳು ಆ ಗೋಡೆಗೇ ಒರಗಿ ನಿಂತು, ಮೈಮೇಲಿಂದ ಈಗಷ್ಟೇ ಕಳಚಿದ ಬಟ್ಟೆಯನ್ನು ಚೀಲದಿಂದ ಸುರಿಯುತ್ತಿದ್ದರು. ಸೊಂಟದ ಪಟ್ಟಿ ಬಿಚ್ಚಿದರೆ ಒಳಗೆ ಬೆವರು ಕಟ್ಟಿದ ಬಿಳಿ ಉಪ್ಪು. ಕಾಲರ್ ಮಗುಚಿದರೆ ಕಪ್ಪು ಜಿಡ್ಡು. ಜೇಬಿನಲ್ಲಿ ಒಣಗಿ ಹಪ್ಪಳವಾದ ಕರವಸ್ತ್ರ. ಒಮ್ಮೆ ಯಾರೋ ದೊಡ್ಡ ಮನುಷ್ಯರ ಕೋಟಿನೊಳಗೆ ಕಟ್ಟುಹಲ್ಲೇ ಸಿಕ್ಕಿತ್ತು. ಅದಾದ ಮೇಲೆ ಚಿಕ್ಕಮ್ಮ ಮನೆಯಿಂದ ಒಂದು ಹಳೇ ಇಕ್ಕಳ ತಂದಿಟ್ಟುಕೊಂಡಳು. ಬಂದ ಬಟ್ಟೆಯನ್ನು ಮೊದಲು ಇಕ್ಕಳದಲ್ಲಿ ಎತ್ತಿ, ಕೊಡವಿ, ಆಮೇಲೆ ಮುಟ್ಟುವುದು.

“ಏನಮ್ಮಾ, ಅದು ಗಿರಾಕಿ ಪ್ಯಾಂಟೋ ಸತ್ತ ಇಲೀನೋ?” ಎಂದು ಅಂಗಡಿಯ ಯಜಮಾನರು ಕಾಲೆಳೆಯುತ್ತಿದ್ದರು.

“ಇಲಿ ಆಗಿದ್ರೆ ಇಷ್ಟು ನಾರ್ತಿರ್ಲಿಲ್ಲ ಸಾರ್.”

ದಿನವಿಡೀ ಹೀಗೆ ಮೂಗು ಮುರಿದು ಬಂದವಳು, ಮನೆಗೆ ಬಂದು ಸೋಪು ಕರಗುವಷ್ಟು ಕೈ ತೊಳೆದು, ಒಳಕೋಣೆಯ ಬೀರು ತೆಗೆಯುತ್ತಿದ್ದಳು. ಆಗ ಅವಳ ಮುಖ ಬೇರೆ. ಹುಬ್ಬು ಬಿಚ್ಚಿಕೊಳ್ಳುತ್ತಿತ್ತು, ಮೂಗು ತನ್ನ ಜಾಗಕ್ಕೆ ಬಂದು ಕೂರುತ್ತಿತ್ತು.

ಬೀರುವಿನಲ್ಲಿದ್ದದ್ದು ಹಳೆಯ ಪ್ಯಾಟರ್ನುಗಳು. ಪ್ಯಾಟರ್ನ್ ಎಂದರೆ ಮತ್ತೇನಲ್ಲ, ಉಡುಪಿನ ಒಂದೊಂದು ಭಾಗದ ಅಳತೆಗೆ ಕತ್ತರಿಸಿದ ಕಾಗದ. ಇದು ಬೆನ್ನು, ಇದು ಎದೆ, ಇದು ತೋಳು. ಬಟ್ಟೆಯ ಮೇಲೆ ಇಟ್ಟು, ಸುತ್ತ ಸೀಮೆಸುಣ್ಣದ ಗೆರೆ ಎಳೆದು ಕತ್ತರಿಸಿದರಾಯಿತು. ಯಾವ ದರ್ಜಿಯ ಅಂಗಡಿ ಬಾಗಿಲು ಹಾಕಿದರೂ ಚಿಕ್ಕಮ್ಮ ಅಲ್ಲಿ ಹಾಜರು. ಮೊಳೆಗೆ ನೇತುಹಾಕಿ ಹಾಕಿ ತೂತು ಅಗಲವಾದ ಕಂದು ಕಾಗದಗಳು, ಹಳೇ ಹೆಂಗಸರ ಪತ್ರಿಕೆಗಳ ನಡುವೆ ಮಡಿಸಿ ಬರುತ್ತಿದ್ದ ತೆಳ್ಳಗಿನ ಹಾಳೆಗಳು, ಲಕೋಟೆಯ ಮೇಲೆ ಬಳುಕುವ ಸೊಂಟದ ಹೆಂಗಸಿನ ಚಿತ್ರವಿದ್ದ ಪೊಟ್ಟಣಗಳು, ಗುಜರಿಯವನ ರಾಶಿಯಿಂದ ಹೆಕ್ಕಿದವು. ಆ ಚಿತ್ರದ ಹೆಂಗಸರನ್ನು ತೋರಿಸಿ ಅವಳು ಹೇಳುತ್ತಿದ್ದಳು, “ನೋಡು, ಒಬ್ಬಳಿಗಾದ್ರೂ ಕಂಕುಳಲ್ಲಿ ಬೆವರಿದೆಯಾ?”

ಬರೀ ಕಾಗದ ಕೂಡಿಟ್ಟರೆ ಸಾಲದು. ಪ್ರತಿಯೊಂದಕ್ಕೂ ತಕ್ಕ ಬಟ್ಟೆ ಹುಡುಕಬೇಕು. ಅದೇ ಅವಳ ತಪಸ್ಸು. ಬಟ್ಟೆ ಅಂಗಡಿಯಲ್ಲಿ ಕೈಗೆ ಕೊಟ್ಟದ್ದನ್ನು ಅರ್ಧ ಬಿಚ್ಚಿ, ಗಾಳಿಯಲ್ಲಿ ಇಳಿಬಿಟ್ಟು, ಅದು ಹೇಗೆ ಬೀಳುತ್ತದೆ ನೋಡುತ್ತಿದ್ದಳು. ನೆರಿಗೆಯ ಲಂಗಕ್ಕೆ ಗಡುಸು ಬಟ್ಟೆ ತೋರಿಸಿದರೆ, “ಥೂ, ತಗಡು!” ಮಿರಮಿರ ಮಿಂಚುವ ನೈಲಾನು ತೋರಿಸಿದರೆ, “ಥೂ, ಹಾವಿನ ಪೊರೆ!” ಅಂಗಡಿಯವನು ಅವಳನ್ನು ಕಂಡೊಡನೆ ಊಟಕ್ಕೆ ಹೋಗುತ್ತಿದ್ದ. ಕೊನೆಗೆ ಎಲ್ಲೋ ಒಂದು ಸಿಕ್ಕಿತೆನ್ನಿ, ಆಗ ಕಾಗದವನ್ನು ಬಟ್ಟೆಯ ಮಡಿಕೆಯೊಳಗಿಟ್ಟು, ಲಾಡಿಯಿಂದ ಕಟ್ಟಿ, ರಟ್ಟಿನ ಡಬ್ಬಿಯೊಳಗೆ ಮಲಗಿಸಿ, “ಸಂಬಂಧ ಕೂಡಿತು” ಅನ್ನುತ್ತಿದ್ದಳು. ಹೊಲಿಯುವುದಿಲ್ಲ. ಯಾರ ಮೈಗೂ ಇಲ್ಲ. ಯಾರೂ ತೊಡದ ಬಟ್ಟೆಯಷ್ಟು ಮಡಿಯಾದದ್ದು ಲೋಕದಲ್ಲಿ ಬೇರೇನಿದೆ?

ಅವಳ ಕಟ್ಟಳೆ ಮೂರಿದ್ದವು, ಇದನ್ನು ನೆನಪಿಟ್ಟುಕೊಳ್ಳಿ. ಹಳೆ ಕಾಗದ ಜೋತುಬಿದ್ದರೆ ಮೈದಾಹಿಟ್ಟಿನ ಅಂಟು ಕಾಯಿಸಿ, ಹಿಂದೆ ಇನ್ನೊಂದು ಕಾಗದ ಹಚ್ಚಿ ಗಟ್ಟಿ ಮಾಡುತ್ತಿದ್ದಳು. ಬಟ್ಟೆಯನ್ನಂತೂ ನೀರಿಗೆ ತೋರಿಸುತ್ತಲೇ ಇರಲಿಲ್ಲ, ಗಿರಣಿಯ ಗಂಜಿ ಬಿಟ್ಟುಹೋದರೆ ಹೊಸತನ ಹೋಯಿತು ಅಂತ. ಇನ್ನು ನುಸಿಗುಳಿಗೆ ಹಾಕೋಣವೆಂದರೆ ಅದರ ವಾಸನೆಗೇ ಅವಳಿಗೆ ವಾಕರಿಕೆ. ಅದರ ಬದಲು ಡಬ್ಬಿಗೊಂದು ಪರಿಮಳದ ಸೋಪು ಇಡುತ್ತಿದ್ದಳು.

ಎಲ್ಲಕ್ಕೂ ಮೇಲೆ ಒಂದು ಜೋಡಿಯಿತ್ತು. ಕಾಲರ್ ಬೇರೆ ಜೋಡಿಸದೆ ಎದೆಯಿಂದಲೇ ಎದ್ದು ಕತ್ತಿನ ಸುತ್ತ ಮಗುಚಿಕೊಳ್ಳುವ, ಮೊಣಕಾಲು ಮುಟ್ಟುವ ಕೋಟಿನ ಪ್ಯಾಟರ್ನ್. ಅದಕ್ಕೆ ಬದನೆಕಾಯಿ ಬಣ್ಣದ, ತೂಕದ ಹತ್ತಿಬಟ್ಟೆ. ಅದನ್ನು ನಮಗೆ ತೋರಿಸುವಾಗಲೂ, “ದೂರ ನಿಂತ್ಕೊಳಿ, ಉಸಿರು ತಾಗುತ್ತೆ” ಎನ್ನುತ್ತಿದ್ದಳು.

ಅವಳಿಗಿದ್ದವಳು ಒಬ್ಬಳೇ ಮಗಳು. ಅಪ್ಪನಿಲ್ಲದೆ ಬೆಳೆದ ಹುಡುಗಿ, ಸೇರಿದ್ದು ಮೀನು ಹೆಚ್ಚುವ ಕಾರ್ಖಾನೆಗೆ. ಮೂಗಿನ ಹೊಟ್ಟೆಯಲ್ಲಿ ಮೀನು ಹುಟ್ಟಿತು ಎಂದು ನನ್ನಮ್ಮ, ಅಂದರೆ ಚಿಕ್ಕಮ್ಮನ ಅಕ್ಕ, ನಗುತ್ತಿದ್ದಳು. ಹುಡುಗಿ ಕೆಲಸದಿಂದ ಬಂದರೆ ಹಿತ್ತಿಲಿನಿಂದಲೇ ಒಳಗೆ ಬರಬೇಕು, ಬಟ್ಟೆ ಹೊರಗೇ ಬಿಡಬೇಕು, ಮಿಂದ ಮೇಲಷ್ಟೇ ಮಾತು. ಅವಳು ತುಟಿಪಿಟಕ್ಕೆನ್ನದೆ ನಡೆದುಕೊಳ್ಳುತ್ತಿದ್ದಳು.

ಒಂದು ದಿನ ಕಾರ್ಖಾನೆಯ ಹೆಂಗಸರೆಲ್ಲ ಸೇರಿ, ತಣ್ಣೀರಿನಲ್ಲಿ ಬೆರಳು ಕೊಳೆಯುತ್ತಿವೆ, ಒಳ್ಳೆ ಕೈಗವಸು ಕೊಡಿಸಿ ಎಂದು ಮಾಲೀಕರೂ ಬರುವ ಪುರಭವನದ ಸಭೆಯಲ್ಲಿ ಕೇಳಬೇಕೆಂದು ತೀರ್ಮಾನಿಸಿದರು. ಎಲ್ಲರ ಪರವಾಗಿ ಮಾತಾಡಲು ಆರಿಸಿದ್ದು ಚಿಕ್ಕಮ್ಮನ ಮಗಳನ್ನು. ಆ ಭಾನುವಾರ ನಾನು, ಅಮ್ಮ ಅವರ ಮನೆಯಲ್ಲೇ ಇದ್ದೆವು. ಹುಡುಗಿ ತನ್ನಮ್ಮನ ಮುಂದೆ ಕೂತು ಮೆಲ್ಲಗೆ ಕೇಳಿದಳು.

“ಅಮ್ಮಾ, ಆ ಬದನೆಕಾಯಿ ಬಣ್ಣದ್ದು ನಂಗೆ ಹೊಲ್ಕೊಡ್ತೀಯಾ?”

ಚಿಕ್ಕಮ್ಮನ ಕೈಯಲ್ಲಿದ್ದ ಸೂಜಿ ನಿಂತಿತು. “ಅದನ್ನಾ? ನಿಂಗಾ? ಥೂ, ಮೀನು ನಾತ ಒಂದ್ಸಲ ಹತ್ತಿದ್ರೆ ಏಳು ನೀರಲ್ಲಿ ಜಾಲಿಸಿದ್ರೂ ಹೋಗಲ್ಲ. ಅಂಗಡೀಲಿ ಒಂದು ನೀಲಿ ಕೋಟು ಬಿದ್ದಿದೆ, ಯಾರೂ ತಗೊಂಡ್ಹೋಗಿಲ್ಲ. ಸ್ವಲ್ಪ ಹಿಡಿಸಿದ್ರೆ ಆಯ್ತು.”

ಹುಡುಗಿ ತನ್ನ ಅಂಗಿಯ ಅಂಚು ಹಿಡಿದು ನೋಡಿದಳು. ಆಮೇಲೆ ಅಂದಳು, “ಹುಟ್ಟಿದಾಗಿಂದ ನಾನು ಹಾಕಿರೋದೆಲ್ಲ ಅಂಗಡೀಲಿ ಬಿದ್ದಿದ್ದೇ. ಯಾರದೋ ಅಂಗಿ, ಯಾರದೋ ಲಂಗ. ಸ್ಕೂಲಲ್ಲಿ ಒಬ್ಬಳು ‘ಇದು ನಮ್ಮತ್ತೇದು, ಇಲ್ಲಿ ನೋಡು ಸಾರಿನ ಕಲೆ’ ಅಂತ ಎಲ್ಲರ ಮುಂದೆ ನನ್ನ ಎದೆ ಮುಟ್ಟಿ ತೋರಿಸಿದ್ಲು. ನೀನು ಇಕ್ಕಳದಲ್ಲಿ ಎತ್ತೋದನ್ನೆಲ್ಲ ನನ್ನ ಮೈಮೇಲೆ ಹಾಕಿದೀಯ ಅಮ್ಮ. ಅಸಹ್ಯ ನಿನಗೊಬ್ಬಳಿಗೇ ಅಂದ್ಕೊಂಡಿದೀಯಾ?”

ಅಮ್ಮನೂ ನಾನೂ ಗೋಡೆಯ ಕಡೆ ನೋಡಿದೆವು.

“ಬೆನ್ನಿಗೆ ಯಾರ ಬೆವರೂ ತಾಗದ ಒಂದೇ ಒಂದು ಬಟ್ಟೆ ಹಾಕ್ಕೊಂಡು ಆ ವೇದಿಕೆ ಹತ್ತಬೇಕು. ಕೊಡಲ್ಲ ಅಂದ್ರೆ ಹೇಳು, ಮೀನಿನ ಏಪ್ರನ್ನಲ್ಲೇ ಹೋಗ್ತೀನಿ. ಅದಾದ್ರೂ ನನ್ನದು” ಎಂದು ಎದ್ದು ಹಿತ್ತಿಲಿಗೆ ಹೋದಳು.

ನನ್ನಮ್ಮ ಬಾಯಿ ಬಿಟ್ಟಳು. “ಲೇ, ಆ ಕೋಟನ್ನ ಯಾರಿಗೆ ಅಂತ ಇಟ್ಕೊಂಡಿದೀಯೇ? ಆ ಲಕೋಟೆ ಮೇಲಿನ ಹೆಂಗಸು ಎದ್ದು ಬಂದು ಹಾಕ್ಕೊತಾಳೆ ಅಂತಾನಾ?”

“ನೀನು ಸುಮ್ನಿರಕ್ಕ.”

“ನಾನು ಸುಮ್ನಿರ್ತೀನಿ. ಅವಳೂ ಇಷ್ಟು ವರ್ಷ ಸುಮ್ನೇ ಇದ್ಲು, ನೋಡು.”

ಚಿಕ್ಕಮ್ಮ ಸೂಜಿಯನ್ನು ಬಟ್ಟೆಗೆ ಚುಚ್ಚಿಟ್ಟಳು. ಮೂಗಿನ ತುದಿ ಕೆಂಪಾಗಿತ್ತು. ಆಮೇಲೆ ಎದ್ದು ಬೀರು ತೆಗೆದಳು. ಬಚ್ಚಲಗೋಡೆಗೆ ಅಂಟಿದ ಬೀರು ಅದು. ಒಳಗಿನ ಆ ಡಬ್ಬಿಯನ್ನು ಅವಳು ಮುಟ್ಟದೆ ವರ್ಷಗಳೇ ಆಗಿದ್ದವು, ತೆಗೆದು ನೋಡಿದರೆ ಬಣ್ಣ ಮಾಸುತ್ತದೆ ಎಂದು. ಮಂಚದ ಮೇಲಿಟ್ಟು ಮುಚ್ಚಳ ಎತ್ತಿದಳು.

ಮೊದಲು ಬಂದದ್ದು ಮುಗ್ಗಲು ನಾತ. ಅದರ ಹಿಂದೆಯೇ ಕಂದು ಮೀಸೆಗಳು ಅಲುಗಾಡಿದವು, ಜಿರಳೆಗಳು ಡಬ್ಬಿಯ ಅಂಚು ದಾಟಿ ಹಾಸಿಗೆಯ ಮೇಲೆ ದಿಕ್ಕಾಪಾಲಾಗಿ ಓಡಿದವು. ಲಾಡಿ ಬಿಚ್ಚಿದರೆ ಮಡಿಕೆ ಮಡಿಕೆಯಲ್ಲೂ ಬೆಳ್ಳಿಪುಡಿ ಮೆತ್ತಿದಂಥ ಹುಳಗಳು ಸರಸರನೆ ಜಾರುತ್ತಿದ್ದವು. ಕಾಗದದ ಎದೆಭಾಗ ಜರಡಿಯಾಗಿತ್ತು. ತೋಳು ಹಿಡಿದರೆ ಪುಡಿಯಾಗಿ ಉದುರಿತು. ಬಟ್ಟೆಯ ಮಡಿಕೆಯ ಗೆರೆಯುದ್ದಕ್ಕೂ ತೂತು, ಸುತ್ತಲೂ ಕರಿಮೆಣಸಿನ ನುಚ್ಚಿನಂಥ ಹಿಕ್ಕೆ, ಅಂಟಿಕೊಂಡ ಮೊಟ್ಟೆಗೂಡುಗಳು. ಸೋಪನ್ನೂ ಬಿಟ್ಟಿರಲಿಲ್ಲ, ಅದರ ಮೈಮೇಲೆಲ್ಲ ಕೊರೆದ ಗುರುತು. ಹಿಟ್ಟಿನ ಅಂಟು, ಗಿರಣಿಯ ಗಂಜಿ, ಮೇಲೆ ಪರಿಮಳದ ಸೋಪು! ತನ್ನ ಕೈಯಾರೆ ತಟ್ಟೆ ಇಟ್ಟು ಬಡಿಸಿದ್ದಳು. ಅಂಟಿಗೆಂದು ಬಂದ ಹುಳ ಪಕ್ಕದಲ್ಲೇ ಗಂಜಿಯ ಬಟ್ಟೆ ಸಿಕ್ಕರೆ ಬಿಡುತ್ತದೆಯೇ? ಜೋಡಿ ಮಾಡಿ ಒಟ್ಟಿಗೆ ಮಲಗಿಸಿದ್ದೇ ಎರಡಕ್ಕೂ ಮುಳುವಾಗಿತ್ತು.

ಚಿಕ್ಕಮ್ಮನಿಗೆ ‘ಥೂ’ ಕೂಡ ಹೊರಡಲಿಲ್ಲ. ಬಾಯಿಗೆ ಸೆರಗು ಒತ್ತಿಕೊಂಡು ಬಚ್ಚಲಿಗೆ ಓಡಿದಳು. ಅವಳು ಕಾರಿಕೊಳ್ಳುವ ಸದ್ದು ನಮಗೆಲ್ಲ ಕೇಳಿಸಿತು. ನನ್ನಮ್ಮ ಕುರ್ಚಿಯ ಮೇಲೆ ಹತ್ತಿ ನಿಂತಿದ್ದಳು. ನಾನು ಎಲ್ಲಿದ್ದೆ ಎಂದು ಕೇಳಬೇಡಿ.

ಸದ್ದಿಗೆ ಒಳಬಂದ ಹುಡುಗಿ ಒಮ್ಮೆ ಡಬ್ಬಿ ನೋಡಿದಳು. ತೋಳು ಮಡಿಸಿದಳು. ಬರಿಗೈಯನ್ನು ಸೀದಾ ಒಳಗಿಟ್ಟು, ಹುಳವನ್ನೂ ಹಿಕ್ಕೆಯನ್ನೂ ಬಾಚಿ ಬಾಚಿ ಬಕೆಟ್ಟಿಗೆ ಹಾಕಿದಳು. ಓಡುತ್ತಿದ್ದ ಜಿರಳೆಯನ್ನು ಬೆರಳಲ್ಲೇ ಒತ್ತಿದಳು.

“ಅಯ್ಯೋ, ನಿಂಗೇನೂ ಅನ್ಸಲ್ವೇನೇ?” ಎಂದಳು ನನ್ನಮ್ಮ ಕುರ್ಚಿಯ ಮೇಲಿಂದ.

“ಮೀನಿನ ಹೊಟ್ಟೆ ಒಳಗಿರೋದು ನೋಡಿದೀರಾ ದೊಡ್ಡಮ್ಮ? ಇದು ಅದರ ಮುಂದೆ ಒಣ ಕಸ. ಕೊಂಚ ಬಿಸಿನೀರು ಕಾಯಿಸ್ಕೊಡಿ.”

ಬಟ್ಟೆಯನ್ನು ಅಂಗಳಕ್ಕೆ ಒಯ್ದು ಕುದಿನೀರಲ್ಲಿ ಮುಳುಗಿಸಿ, ಕೋಲಿನಿಂದ ತಿರುವಿ, ಗೂಡುಗಳನ್ನು ಉಗುರಿನಿಂದ ಒಂದೊಂದಾಗಿ ಕಿತ್ತಳು. ಗಂಜಿ ಬಿಟ್ಟ ನೀರು ಬೂದಿಬಣ್ಣಕ್ಕೆ ತಿರುಗಿತು. ಚಿಕ್ಕಮ್ಮ ಬಚ್ಚಲ ಬಾಗಿಲಿಗೆ ಒರಗಿ, ತಣ್ಣೀರಿಗೆ ಬಿರಿದ ಆ ಬೆರಳುಗಳನ್ನೇ ನೋಡುತ್ತ ನಿಂತಿದ್ದಳು. ದಿನಾ ಹಿತ್ತಿಲಲ್ಲಿ ನಿಲ್ಲಿಸಿದ್ದೂ ಇವೇ ಕೈಗಳನ್ನು.

ಮಾರನೆಯ ದಿನ ಬಟ್ಟೆ ಒಣಗಿತು. ಬಣ್ಣ ಅಷ್ಟೇನೂ ಹೋಗಿರಲಿಲ್ಲ. ಗಡುಸೆಲ್ಲ ಕಳೆದು ಮೃದುವಾಗಿತ್ತು. ಆದರೆ ಅದರ ಮೇಲೆ ಇಡಲು ಪ್ಯಾಟರ್ನ್ ಇರಲಿಲ್ಲ.

“ಬಾರೇ ಇಲ್ಲಿ” ಎಂದಳು ಚಿಕ್ಕಮ್ಮ, ಅಳತೆ ಟೇಪು ಕೊರಳಿಗೆ ಹಾಕಿಕೊಂಡು. “ನೆಟ್ಟಗೆ ನಿಲ್ಲು.”

ಮಗಳ ಮೈಗೆ ಅವಳು ಟೇಪು ಹಿಡಿದದ್ದು ಅದೇ ಮೊದಲು. ಅಲ್ಲಿಯವರೆಗೆ ಯಾರದೋ ಬಟ್ಟೆಯನ್ನು ಅಂದಾಜಿನ ಮೇಲೆ ಹಿಡಿಸಿ ಕೊಟ್ಟಿದ್ದಳು. ಬೆನ್ನು ಅಳೆಯುವಾಗ ಕೈ ತಡೆಯಿತು. ಕತ್ತಿ ಹಿಡಿಯುವ ಬಲಭುಜ ಎಡಕ್ಕಿಂತ ತಗ್ಗಿತ್ತು, ದಪ್ಪವೂ ಆಗಿತ್ತು.

“ಇದ್ಯಾವಾಗಿಂದ?”

“ಯಾವುದು?”

“ಏನಿಲ್ಲ. ಅಲುಗಾಡಬೇಡ.”

ತೂತುಗಳನ್ನು ತಪ್ಪಿಸುತ್ತ ತಪ್ಪಿಸುತ್ತ ಕತ್ತರಿ ಹಾಕಿದಳು. ಮೊಣಕಾಲು ಮುಟ್ಟಬೇಕಾದ ಕೋಟು ಸೊಂಟಕ್ಕೇ ನಿಂತಿತು. ಎದೆಯಿಂದೇಳುವ ಕಾಲರಿಗೆ ಬಟ್ಟೆ ಸಾಲಲಿಲ್ಲ, ತುಂಡು ಕೂಡಿಸಿ ಪಟ್ಟಿ ಹಾಕಬೇಕಾಯಿತು. ಬಲಭುಜಕ್ಕೆ ಮಾತ್ರ ಬೇರೆ ಗೆರೆ ಎಳೆದಳು. ಬಾಯ್ತುಂಬ ಗುಂಡುಪಿನ್ನು ಕಚ್ಚಿಕೊಂಡು ಮಗಳ ಕತ್ತಿನ ಹತ್ತಿರ ಬಾಗಿದಾಗ ಅವಳ ಮೂಗು ತಂತಾನೇ ಅರಳಿತು.

“ಥೂ, ಮೀನು” ಎಂದಳು, ಪಿನ್ನುಗಳ ಸಂದಿಯಿಂದ.

“ಮಿಂದೇ ಬಂದಿದೀನಮ್ಮಾ.”

“ಗೊತ್ತು. ನಾರ್ತಾನೇ ಇದೀಯ. ಕೈ ಎತ್ತು.”

ಸಭೆಯ ದಿನ ಪುರಭವನದ ತುಂಬ ಮೀನಿನ ಹೆಂಗಸರು. ನಡುವೆ ಚಿಕ್ಕಮ್ಮ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು, ಸತ್ತರೂ ಎದ್ದು ಹೋಗುವವಳಲ್ಲ ಎಂಬಂತೆ ಕೂತಿದ್ದಳು. ಮಗಳು ತಡವರಿಸುತ್ತ ಶುರು ಮಾಡಿ ಜೋರಾಗಿಯೇ ಮುಗಿಸಿದಳು. ಕೈಗವಸಿನ ಬಗ್ಗೆ ಮಾಲೀಕರು ‘ನೋಡೋಣ’ ಅಂದರು. ನೋಡುತ್ತಲೇ ಇದ್ದಾರೆ.

ಮನೆಗೆ ಬಂದು ಹುಡುಗಿ ಕೋಟು ಕಳಚಿ ಕುರ್ಚಿಗೆ ಹಾಕಿದಳು. ಕಂಕುಳ ಕೆಳಗೆ ಎರಡೂ ಕಡೆ ಬೆವರು ಅಂಗೈಯಗಲ ಹರಡಿತ್ತು. ಹೆದರಿಕೆಯ ಬೆವರಿಗೆ ನಾತ ಹೆಚ್ಚು, ನಿಮಗೂ ಗೊತ್ತಿರುತ್ತದೆ. ಚಿಕ್ಕಮ್ಮ ಬಾಗಿಲಲ್ಲೇ ನಿಂತು ಮೂಗು ಮುರಿದಳು.

“ಥೂ! ಹೆಂಗೆ ಬೆವರ್ತೀಯೇ ನೀನು! ಇಡೀ ಕಾರ್ಖಾನೇನೇ ಹೊತ್ಕೊಂಡು ಬಂದ ಹಾಗಿದೆ. ಅಲ್ಲೇ ಬಿಟ್ಟು ನಡೀಬೇಡ, ಕಲೆ ಕೂತ್ಬಿಡುತ್ತೆ.”

ಅಂದವಳು ಇಕ್ಕಳಕ್ಕಾಗಿ ಅತ್ತಿತ್ತ ನೋಡಲಿಲ್ಲ. ಕೋಟನ್ನು ಬರಿಗೈಯಲ್ಲೇ ಬಾಚಿ ತೋಳಮೇಲೆ ಹಾಕಿಕೊಂಡು, ದಾರಿಯುದ್ದಕ್ಕೂ ಥೂ ಥೂ ಅನ್ನುತ್ತಲೇ ಬಚ್ಚಲಿಗೆ ನಡೆದಳು.