ಗಂಜಿ ತೆಳುವಾಗಿರಲಿಲ್ಲ

ಸರೋಜ, ಅವತ್ತು ನೀನು ಕಾಯಿಸಿದ ಗಂಜಿ ತೆಳುವಾಗಿರಲಿಲ್ಲ. ನಿನ್ನ ಲಂಗಕ್ಕೆ ನೀರು ಚಿಮುಕಿಸಿದವಳು ನಾನು — ನಿನ್ನ ಅಕ್ಕ.

ಬರೆದುಬಿಟ್ಟೆ. ಬರೆದ ಮೇಲೆ ಹಗುರಾಗುತ್ತದೆ ಅಂದುಕೊಂಡಿದ್ದೆ, ಆಗಲಿಲ್ಲ. ನೀನು ಇಲ್ಲೇ, ಎದುರಿನ ಮೆಷಿನ್ನಿನ ಮುಂದೆ ಕೂತು ಕಾಲಾಡಿಸುತ್ತಿದ್ದೀಯ. ಮಧುಗಿರಿಯ ಈ ಒಂದೇ ಕೋಣೆಯ ಅಂಗಡಿಯಲ್ಲಿ ತಲೆಯ ಮೇಲೆಲ್ಲ ಸ್ಕೂಲ್ ಡೇಗಳಿಗೆ ನಾವು ಹೊಲಿದ ನೆಟ್ ಫ್ರಾಕುಗಳು ತೂಗುತ್ತಿವೆ; ಬಾಗಿಲಿಗೆ ಹೋಗಬೇಕೆಂದರೂ ನಿನ್ನ ಮೊಣಕಾಲು ದಾಟಿಯೇ ಹೋಗಬೇಕು. ಏನು ಬರೀತಿದ್ದೀಯ ಎಂದು ನೀನು ಈಗಷ್ಟೇ ಕೇಳಿದೆ. ಅಳತೆ ಎಂದು ನಾನು ಹೇಳಿದೆ. ನೋಡು — ಇನ್ನೂ ಬಾಯಿಗೆ ಸುಳ್ಳೇ ಬರುತ್ತದೆ.

ನಾನು ಓದಿದ್ದು ಏಳನೇ ಕ್ಲಾಸು. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೋ ಎಂದು ಬರೆಯಹೊರಟೆ. ಆ ಮಾತು ಅಕ್ಷರದ ತಪ್ಪಿಗಷ್ಟೇ ಸಾಕು.

ಗೌಡಗೆರೆ ಕಡೆಯ ನಮ್ಮ ಹಳ್ಳಿಯಲ್ಲಿ ಅಪ್ಪನದು ಕಂಬಳಿ ಮಗ್ಗ. ನೇಯುವ ಮುಂಚೆ ನೂಲಿನ ಹಾಸನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆ ಬೀಜದ ಗಂಜಿ ಬಳಿದು ಬಿಸಿಲಿಗೆ ಬಿಡಬೇಕು. ಅದು ಒಬ್ಬರಿಂದಾಗುವ ಕೆಲಸವಲ್ಲ. ಹಾಸಿನ ಆಚೆ ಒಬ್ಬರು, ಈಚೆ ಒಬ್ಬರು, ಕುಂಚ ಹಿಡಿದು ಸಮಸಮನಾಗಿ ನಡೆಯಬೇಕು. ಒಬ್ಬರು ಹಿಂದೆ ಬಿದ್ದರೆ ಆ ಬದಿಯ ನೂಲು ಅಂಟಿಕೊಂಡು ಕೆಡುತ್ತದೆ. ಅದಕ್ಕೆಂದೇ ನನ್ನನ್ನು ಶಾಲೆ ಬಿಡಿಸಿದರು. ಎದುರಿಗೆ ನೀನು — ಶಾಲೆಗೆ ಹೋಗುವ ಮುಂಚೆ, ಬಂದ ಮೇಲೆ. ಹಾಸಿನ ಆಚೆಗೆ ನಿನ್ನ ಮುಖ ಇತ್ತು ಎಂದೇ ನಾನು ಅಲ್ಲಿ ಉಸಿರಾಡಿದ್ದು.

ನೀನು ಸಿರಾದ ಹೈಸ್ಕೂಲು ಸೇರಿದಾಗ ಡ್ರಾಯಿಂಗ್ ಮೇಡಂ ಬಂದರು. ಬೆಂಗಳೂರಿನವರು, ಚಿಕ್ಕಂದಿನಲ್ಲಿ ಬ್ಯಾಲೆ ಕಲಿತವರು. ಆಗೆಲ್ಲ ಮಕ್ಕಳು ರಷ್ಯಾದ ಬಣ್ಣದ ಪತ್ರಿಕೆಗಳ ಹಾಳೆಯಿಂದ ಪುಸ್ತಕಕ್ಕೆ ಬೈಂಡು ಹಾಕುತ್ತಿದ್ದರಲ್ಲ — ನಿನ್ನ ವಿಜ್ಞಾನದ ಪುಸ್ತಕದ ಮೇಲೆ ಕಾಲ್ಬೆರಳ ತುದಿಯಲ್ಲಿ ನಿಂತ ಒಬ್ಬಳು ಹುಡುಗಿ ಇದ್ದಳು. ಸೊಂಟಕ್ಕೆ ತಟ್ಟೆ ಸಿಕ್ಕಿಸಿದ ಹಾಗೆ ಅವಳ ಲಂಗ. ಅದಕ್ಕೆ ಟೂಟೂ ಎನ್ನುತ್ತಾರೆ ಎಂದು ನೀನು ಹೇಳಿದಾಗ ಅಮ್ಮ ನಕ್ಕು, "ಏನೇ ಅದು, ಪೀಪಿ ಊದ್ದಂಗೈತೆ" ಎಂದಳು.

ಮೇಡಂ ಹೇಳಿಕೊಟ್ಟಿದ್ದನ್ನೆಲ್ಲ ನೀನು ಗಂಜಿ ಬಳಿಯುತ್ತ ನನಗೆ ಹೇಳುತ್ತಿದ್ದೆ. ಬಹಳ ಹಿಂದೆ ಆ ಲಂಗ ಗಂಟೆಯ ಆಕಾರದಲ್ಲಿ ಹಿಮ್ಮಡಿಯ ತನಕ ಇಳಿಯುತ್ತಿತ್ತಂತೆ. ಪಾದದ ಕೆಲಸ ಬೆಳೆದಂತೆ, ಅದು ಜನಕ್ಕೆ ಕಾಣಲೆಂದು ಮೊಣಕಾಲಿಗೆ, ಕೊನೆಗೆ ಸೊಂಟಕ್ಕೇ ಏರಿತಂತೆ. ಅಮ್ಮನ ಕಾಲದಲ್ಲಿ ಪೌಡರ್ ಪಫ್ಫಿನಂತೆ ಮೆತ್ತಗೆ ಇಳಿಬಿದ್ದದ್ದೂ ಉಂಟಂತೆ. ನಮ್ಮ ಆ ಎಂಬತ್ತರ ದಶಕದಲ್ಲಿ ರಷ್ಯಾದವರದು ಅಗಲ, ಚಪ್ಪಟೆ, ಒಳಗೆ ತಂತಿಯ ಬಳೆ. "ಕಾಲು ಕಾಣ್ಲಿ ಅನ್ನಕ್ಕೆ ಅಷ್ಟು ವರ್ಷ ಹಿಡೀತು ಕಣಕ್ಕ" ಎಂದಿದ್ದೆ ನೀನು. ನಾನು ನನ್ನ ಕಾಲು ನೋಡಿಕೊಂಡಿದ್ದೆ — ಗಂಜಿ ಮೆತ್ತಿ, ಒಣಗಿ, ಬಿರುಕು ಬಿಟ್ಟಿತ್ತು.

ಆ ವರ್ಷದ ಸ್ಕೂಲ್ ಡೇಗೆ ನಿನ್ನದು ಮೇಡಂ ಕಲಿಸಿದ ಹಂಸದ ಕುಣಿತ ಎಂದಾಯಿತು. ಮೇಡಂ ಕೆಲಸ ಬಿಟ್ಟು ಬೆಂಗಳೂರಿಗೆ ಹೊರಟಿದ್ದರು. ನಿನ್ನನ್ನು ತಮ್ಮ ತಾಯಿಯ ಮನೆಯಲ್ಲಿಟ್ಟು ಓದಿಸುತ್ತೇನೆ, ಡ್ಯಾನ್ಸಿಗೂ ಸೇರಿಸುತ್ತೇನೆ ಎಂದು ಹಳ್ಳಿಗೇ ಬಂದು ಅಪ್ಪನನ್ನು ಕೇಳಿದರು. ಅಪ್ಪ ಇಲ್ಲ ಎನ್ನಲಿಲ್ಲ. ಅವಳು ಕುಣಿಯುವುದನ್ನು ನೋಡಿ ಹೇಳುತ್ತೇನೆ ಎಂದ. ಅಪ್ಪ ಅಷ್ಟು ಹೇಳಿದರೆ ಮುಕ್ಕಾಲು ಒಪ್ಪಿದ ಹಾಗೆ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ತಂತಿಯ ಬಳೆ ನಮಗೆಲ್ಲಿ ಸಿಗಬೇಕು? ಸೊಳ್ಳೆ ಪರದೆಯ ಬಟ್ಟೆಯನ್ನು ಪದರ ಪದರವಾಗಿ ಕತ್ತರಿಸಿ ನಾನೇ ಲಂಗ ಹೊಲಿದೆ. ಅದನ್ನು ಸೆಟೆದು ನಿಲ್ಲಿಸುವ ಉಪಾಯ ನಿನ್ನದು — ಕಂಬಳಿಯ ಗಂಜಿ. ಬೀಜ ಹುರಿದು, ನೆನೆಸಿ, ರುಬ್ಬಿ, ನೀನೇ ಕಾಯಿಸಿದೆ. ಇಬ್ಬರೂ ಎದುರುಬದುರು ಕೂತು ಬಳಿದೆವು. ಒಣಗಿದ ಮೇಲೆ ಲಂಗ ರೊಟ್ಟಿ ಹೆಂಚಿನ ಹಾಗೆ ಗಟ್ಟಿಯಾಗಿ ನಿಂತಿತು. ನೀನು ಅದನ್ನು ತೊಟ್ಟು ಅಂಗಳದಲ್ಲಿ ಒಂದು ಸುತ್ತು ತಿರುಗಿದೆ. ಚೂಡಿದಾರದ ಪ್ಯಾಂಟಿನ ಮೇಲೆಯೇ — ಬರಿಯ ಕಾಲು ತೋರಿಸಲು ಅಮ್ಮ ಒಪ್ಪಿರಲಿಲ್ಲ. ಆದರೂ ಕಾಲು ಕಂಡಿತು. ಆಗ ನನಗೆ ಅನ್ನಿಸಿದ್ದು — ಇವು ಹೋಗುವ ಕಾಲು.

ಸ್ಕೂಲ್ ಡೇ ಸಂಜೆ ಲಂಗ ಕಾಯುವ ಕೆಲಸವನ್ನು ನೀನು ನನಗೇ ಕೊಟ್ಟೆ. ಖಾಲಿ ಕ್ಲಾಸ್ ರೂಮಿನ ಕಿಟಕಿಗೆ ಅದನ್ನು ತೂಗುಹಾಕಿದ್ದೆವು. ಮೈದಾನದ ಧೂಳಿಗೆ ನೀರು ಹಾಕಿದವರು ಬಕೆಟ್ಟನ್ನು ಬಾಗಿಲಲ್ಲೇ ಬಿಟ್ಟು ಹೋಗಿದ್ದರು. ಹುಣಸೆ ಗಂಜಿಗೆ ನೀರು ತಾಕಿದರೆ ಏನಾಗುತ್ತದೆಂದು ನನಗೆ ಗೊತ್ತಿಲ್ಲವೇ? ಮೋಡ ಕಂಡರೆ ಹಾಸು ಎತ್ತಿಕೊಂಡು ಓಡಿದವರು ನಾವು. ಕೈ ಅದ್ದಿದೆ. ಮೇಲಿನ ಪದರ ಮುಟ್ಟಲಿಲ್ಲ; ಒಳಗಿನವಕ್ಕೆ ಮಾತ್ರ ಚಿಮುಕಿಸಿದೆ, ಯಾರಿಗೂ ಕಾಣದ ಹಾಗೆ. ಸಿಟ್ಟಿನ ಕೈ ಆಗಿರಲಿಲ್ಲ ಅದು — ರಂಗೋಲಿಗೆ ಮುಂಚೆ ಅಂಗಳಕ್ಕೆ ಚಿಮುಕಿಸುತ್ತೇವಲ್ಲ, ಅಷ್ಟು ನಿಧಾನವಾಗಿತ್ತು. ನೀನು ಹೋದರೆ ಹಾಸಿನ ಆಚೆಗೆ ಯಾರೂ ಇರುವುದಿಲ್ಲ ಎಂಬುದೊಂದೇ ತಲೆಯಲ್ಲಿತ್ತು.

ಮೊದಲು ಲಂಗ ನಿಂತೇ ಇತ್ತು. ತಿರುಗುತ್ತ ತಿರುಗುತ್ತ ಒಂದು ಬದಿ ಬಾಗಿತು. ಆಮೇಲೆ ಪದರಗಳು ಒಂದಕ್ಕೊಂದು ಅಂಟಿ, ಮುದ್ದೆಯಾಗಿ, ನಿನ್ನ ತೊಡೆಗೆ ಮೆತ್ತಿಕೊಂಡವು. ನೀನು ಕುಣಿತ ನಿಲ್ಲಿಸಲಿಲ್ಲ — ಒಂದು ಕೈಯಲ್ಲಿ ಲಂಗ ಎತ್ತಿ ಹಿಡಿದು, ಇನ್ನೊಂದನ್ನೇ ರೆಕ್ಕೆ ಮಾಡಿಕೊಂಡೆ. ಹಿಂದಿನಿಂದ ಯಾರೋ, "ಲೇ, ಹಂಸ ಅಲ್ಲ ಕಣ್ಲಾ, ಮಳೇಲಿ ನೆಂದ ಕುರಿ" ಎಂದ. ಜನ ನಕ್ಕರು. ಕುರಿಯ ಉಣ್ಣೆಯಲ್ಲೇ ಬದುಕಿದ ಅಪ್ಪ ಎದ್ದು ಹೊರಗೆ ನಡೆದ. ಮೇಡಂ ಹಿಂದೆಯೇ ಓಡಿಬಂದು ಏನೇನೋ ಹೇಳಿದರು. ಅಪ್ಪ ಹೇಳಿದ್ದು ಒಂದೇ ಮಾತು: "ಗಂಜಿ ಕಾಯ್ಸಕ್ಕೆ ಬರ್ದಿರೋಳು ಬೆಂಗ್ಳೂರ್ಗೋಗಿ ಏನ್ ಕಲ್ತಾಳು, ಬುಡಿ ಮೇಡಮ್ನೋರೆ."

ಬಸ್ಸಿನಲ್ಲಿ ನನ್ನ ಭುಜಕ್ಕೆ ತಲೆಯಿಟ್ಟು ನೀನು ಹೇಳಿದೆ: "ನಾನೇ ತೆಳ್ಳಗೆ ಕಾಯ್ಸ್‌ಬುಟ್ಟೆ ಕಣಕ್ಕ."

ನಾನು "ಹೂಂ" ಎಂದೆ.

ಲಂಗದ ನೀರು ಮಾರನೇ ದಿನದ ಬಿಸಿಲಿಗೆ ಆರಿತು. ಆ "ಹೂಂ" ಇನ್ನೂ ಆರಿಲ್ಲ.

ಅಷ್ಟು ಮಾಡಿ ನಾನಾದರೂ ಅಲ್ಲಿ ಉಳಿದೆನೇ? ಅದೇ ಬೇಸಿಗೆಯಲ್ಲಿ ಮದುವೆಯಾಗಿ ಮಧುಗಿರಿಗೆ ಬಂದೆ. ಮೇಡಂ ಹೋದರು, ನಾನೂ ಹೋದೆ. ಹಾಸಿನ ಒಂದು ಬದಿಗೆ ನೀನು, ಎದುರಿಗೆ ಅಮ್ಮ. ನೀನು ಗಂಜಿ ಬಳಿಯುತ್ತೀಯ, ಕಾಯಿಸಲು ಮಾತ್ರ ಒಲೆಯ ಹತ್ತಿರ ಸುಳಿಯುವುದಿಲ್ಲ ಎಂದು ಅಮ್ಮ ಹೇಳುತ್ತಿದ್ದಳು. ನಿನ್ನ ಮದುವೆಯ ಮಾತು ಬಂದು ಬಂದು ನಿಂತುಹೋಯಿತು. ಅಪ್ಪ ಅಮ್ಮ ತೀರಿಕೊಂಡು, ನನ್ನ ಮನೆಯವರೂ ಹೋದ ಮೇಲೆ ನೀನು ಇಲ್ಲಿಗೆ ಬಂದೆ. "ನೀನಿಲ್ದಿದ್ರೆ ನಾನೆಲ್ಲಿಗೋಗ್ತಿದ್ದೆ ಹೇಳಕ್ಕ" ಎಂದು ನೀನು ಅಂದಾಗಲೆಲ್ಲ ಈ ಕೋಣೆಯ ಗೋಡೆ ಒಂದು ಗೇಣು ಹತ್ತಿರ ಬಂದ ಹಾಗಾಗುತ್ತದೆ. ನೀನು ಎಲ್ಲಿಗೆ ಹೋಗುತ್ತಿದ್ದೆ ಎಂದು ಬಲ್ಲವಳು ನಾನೊಬ್ಬಳೇ.

ಮೊನ್ನೆ ಕೊರಟಗೆರೆಯ ಟೀಚರೊಬ್ಬರು ಹಂಸದ ಲಂಗ ಬೇಕೆಂದು ಬಂದು ಮೊಬೈಲಿನಲ್ಲಿ ಚಿತ್ರ ತೋರಿಸಿದರು. ಮೆತ್ತನೆಯ ನೆಟ್ಟು, ಮೊಣಕಾಲಿನ ಕೆಳಗೆ — ಲಂಗ ಮತ್ತೆ ಇಳಿದಿದೆ. ಜೊತೆಗಿದ್ದ ಹುಡುಗಿ ಮಾತ್ರ ತಟ್ಟೆಯಂಥದ್ದೇ ಬೇಕೆಂದು ಹಟ ಹಿಡಿದಳು. ನೀನು ಅವಳ ಕೆನ್ನೆ ಸವರಿ, "ಅದು ನಂಗೆ ಬರಲ್ಲ ಮಗ, ಒಂದ್ಸಲ ಕೆಡಿಸ್‌ಬುಟ್ಟಿದ್ದೀನಿ" ಎಂದು ನಕ್ಕೆ. ನಾನು ಕತ್ತರಿ ಹಿಡಿದು ಕೂತಿದ್ದೆ. ಹೇಳಬೇಕಾದ ಹೊತ್ತು ಅದೇ ಆಗಿತ್ತು. ಬಾಯಿ ತೆರೆದೆ — ಬಿಳಿ ದಾರ ಎಲ್ಲಿ ಎಂದು ಕೇಳಿದೆ.

ಇವತ್ತು ಬೆಳಿಗ್ಗೆ ಹುಣಸೆ ಬೀಜ ಹುರಿದು ನೆನೆಹಾಕಿದ್ದೇನೆ. ಯಾತಕ್ಕೆ ಎಂದು ನೀನು ಕೇಳಿದೆ. ಉತ್ತರ ಇದು. ಇದನ್ನು ನಿನ್ನ ಕೈಗೆ ಕೊಟ್ಟು, ಓದಿ ಮುಗಿಯುವ ತನಕ ನಿನ್ನೆದುರೇ ಕೂತಿರುತ್ತೇನೆ. ಬಾಗಿಲು ನಿನ್ನ ಕಡೆಗೇ ಇದೆ. ಎದ್ದು ಹೋಗಬೇಕೆನಿಸಿದರೆ ತಡೆಯುವುದಿಲ್ಲ. ಕ್ಷಮಿಸು ಎಂದು ಕೇಳುವ ಮುಖ ನನಗಿಲ್ಲ.

ಆ ಹುಡುಗಿ ಹಟ ಹಿಡಿದ ತಟ್ಟೆಯಂಥ ಲಂಗವನ್ನೇ ಹೊಲಿಯೋಣ; ಅದಕ್ಕೆ ಗಂಜಿ ನೀನೇ ಕಾಯಿಸು ಸರೋಜ. ನಿನ್ನ ಕೈ ಯಾವತ್ತೂ ಕೆಡಿಸಿರಲಿಲ್ಲ. ಬಳಿಯುವಾಗ ಎದುರಿಗೆ ಇನ್ನೊಬ್ಬರು ಬೇಕಾಗುತ್ತದೆ — ಅಲ್ಲಿ ನಾನು ಕೂರಬೇಕೋ ಬೇಡವೋ, ಅದನ್ನು ನೀನು ಹೇಳು.